ಜೋಡೆತ್ತು ಬೇರೆಯಾದಾಗ: ಅಯಾನು ಮತ್ತು ಮುಕ್ತ ರ‍್ಯಾಡಿಕಲ್

ಮೂಡಲಗಿ ಕಡೆಯ ಪ್ರೌಢಶಾಲೆಯೊಂದರಲ್ಲಿ ಹತ್ತನೆಯ ತರಗತಿಗೆ ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಘಟಕದ ಅಭ್ಯಾಸ ಪಾಠ ನಡೆದಿತ್ತು. ಬಿಸಿಲಿನಲ್ಲಿ ಮೀಥೇನ್ ಕ್ಲೋರಿನ್‌ನೊಡನೆ ವರ್ತಿಸುವ ಸಮೀಕರಣ ಹಲಗೆಯ ಮೇಲಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸರ್, ಉಪ್ಪಿನ್ಯಾಗೂ ಕ್ಲೋರಿನ್ ಐತಿ. ಉಪ್ಪು ಬಿಸಿಲಿಗಿಟ್ರ ಏನೂ ಆಗೂದಿಲ್ಲ. ಇಲ್ಲಿ ಯಾಕ ಆಗತೈತಿ?”

ಪ್ರಶಿಕ್ಷಣಾರ್ಥಿ ತಡಮಾಡದೆ ಹೇಳಿದರು: “ಬೆಳಕು ಬಿದ್ದಾಗ ಕ್ಲೋರಿನ್ ಅಯಾನು ಆಗತೈತಿ, ಅದಕ್ಕ.”

ಅವಲೋಕನ ಪಟ್ಟಿ ತುಂಬುತ್ತಿದ್ದ ನಾನು ಪೆನ್ನು ಕೆಳಗಿಟ್ಟೆ. ಉಪ್ಪಿನಲ್ಲಿ ಇರುವುದೇ ಅಯಾನು. ಒಳ್ಳೆಯ ಪ್ರಶ್ನೆಯೊಂದನ್ನು ತಪ್ಪು ಉತ್ತರ ಕೂರಿಸಿಬಿಟ್ಟಿತ್ತು. ಗೋಕಾಕ, ಹುಕ್ಕೇರಿ ಶಾಲೆಗಳಿಗೆ ಹೋಗಿದ್ದ ಉಳಿದವರನ್ನು ಚರ್ಚೆಯಲ್ಲಿ ಕೇಳಿದೆ; ಹೆಚ್ಚಿನವರ ಉತ್ತರವೂ ಅದೇ ಆಗಿತ್ತು. ಆದ್ದರಿಂದ ಈ ಬರಹ.

ಮೊದಲು ಇಲೆಕ್ಟ್ರಾನ್‌ಗಳನ್ನು ಎಣಿಸೋಣ. ಕ್ಲೋರಿನ್ ಪರಮಾಣುವಿನಲ್ಲಿ 17 ಇಲೆಕ್ಟ್ರಾನ್‌ಗಳಿವೆ. ಹೊರಕವಚದ 7ರಲ್ಲಿ ಒಂದಕ್ಕೆ ಜೋಡಿಯಿಲ್ಲ. ಕ್ಲೋರೈಡ್ ಅಯಾನಿನಲ್ಲಿ 18. ಎಲ್ಲಕ್ಕೂ ಜೋಡಿಯಿದೆ, ಆದರೆ ಒಂದು ಋಣ ಆವೇಶವಿದೆ. ಅಯಾನಿನ ಗುರುತು ಆವೇಶ. ರ‍್ಯಾಡಿಕಲ್‌ನ ಗುರುತು ಜೋಡಿಯಿಲ್ಲದ ಇಲೆಕ್ಟ್ರಾನ್. ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು ಉಪ್ಪಿನ ಹರಳಿನಲ್ಲಿ ಪರಸ್ಪರ ಆಕರ್ಷಣೆಯಿಂದ ನೆಮ್ಮದಿಯಾಗಿ ಕುಳಿತಿರುತ್ತವೆ. ಒಂಟಿ ಕ್ಲೋರಿನ್ ಪರಮಾಣುವಿಗೆ ಆ ನೆಮ್ಮದಿಯಿಲ್ಲ.

ಇವು ಹುಟ್ಟುವ ಬಗೆಯನ್ನು ನಮ್ಮ ಮಕ್ಕಳಿಗೆ ಜೋಡೆತ್ತಿನ ಮೂಲಕ ಹೇಳಬಹುದು. ಸಹವೇಲೆನ್ಸೀಯ ಬಂಧವೆಂದರೆ ಅಣ್ಣತಮ್ಮಂದಿರಿಬ್ಬರು ಕೂಡಿ ಇಟ್ಟುಕೊಂಡ ಒಂದು ಜೋಡಿ ಎತ್ತು. ಮನೆ ಪಾಲಾದಾಗ ಎರಡೂ ಎತ್ತು ಒಬ್ಬನಿಗೇ ಹೋದರೆ ಅದು ಅಸಮ ವಿದಳನ: ಒಬ್ಬ ಋಣ ಅಯಾನು, ಬರಿಗೈಯವನು ಧನ ಅಯಾನು. ತಲಾ ಒಂದೊಂದು ಹಂಚಿಕೊಂಡರೆ ಸಮ ವಿದಳನ: ಇಬ್ಬರೂ ರ‍್ಯಾಡಿಕಲ್‌ಗಳು. ಹಂಚಿಕೆ ನ್ಯಾಯವಾದದ್ದೇ, ಆದರೆ ಒಂಟೆತ್ತಿನಿಂದ ನೇಗಿಲು ಹೂಡಲಾಗದು. ಅವನು ನೆರೆಯವನ ಜೋಡಿಯಿಂದ ಒಂದನ್ನು ಎಳೆದುಕೊಂಡು ಬರುತ್ತಾನೆ. ಈಗ ನೆರೆಯವನು ಒಂಟೆತ್ತಿನವನು. ಜಗಳ ಊರೆಲ್ಲ ಹಬ್ಬುತ್ತದೆ. (ಉಪ್ಪಿಗೆ ಮಾತ್ರ ಈ ಹೋಲಿಕೆ ಹಚ್ಚಬೇಡಿ. ಅಲ್ಲಿ ಹಂಚಿಕೊಂಡ ಜೋಡಿಯೇ ಇರಲಿಲ್ಲ. ಸೋಡಿಯಂ ತನ್ನ ಇಲೆಕ್ಟ್ರಾನನ್ನು ಬಿಟ್ಟುಕೊಟ್ಟಿತು.)

ಯಾವ ಪಾಲು ಯಾವಾಗ? ಹೈಡ್ರೋಜನ್ ಕ್ಲೋರೈಡ್ ನೀರಿಗೆ ಬಿದ್ದರೆ ಕ್ಲೋರಿನ್ ಎರಡೂ ಇಲೆಕ್ಟ್ರಾನ್‌ಗಳನ್ನು ಒಯ್ಯುತ್ತದೆ. ಹುಟ್ಟಿದ ಅಯಾನುಗಳನ್ನು ನೀರಿನ ಅಣುಗಳು ಸುತ್ತುವರಿದು ಸಂಭಾಳಿಸುತ್ತವೆ. ಒಣ ಅನಿಲ ಒಣ ನೀಲಿ ಲಿಟ್ಮಸ್ಸನ್ನು ಕೆಂಪಾಗಿಸದಿರುವುದು ಇದಕ್ಕೇ. ಈ ಪ್ರಯೋಗವನ್ನು ಮಕ್ಕಳು ಆಮ್ಲಗಳ ಪಾಠದಲ್ಲಿ ನೋಡಿರುತ್ತಾರೆ. ಕ್ಲೋರಿನ್ ಅಣುವಿನಲ್ಲಿ ಎರಡೂ ಪರಮಾಣುಗಳು ಸಮಬಲದವು, ಬಂಧವೂ ದುರ್ಬಲ: ಮೋಲ್‌ಗೆ ಸುಮಾರು 243 ಕಿಲೋಜೂಲ್. ಮೀಥೇನ್‌ನಿಂದ ಒಂದು ಹೈಡ್ರೋಜನ್ ಕೀಳಲು ಸುಮಾರು 439 ಬೇಕು. ಬಿಸಿಲು ಮೊದಲು ಒಡೆಯುವುದು ಕ್ಲೋರಿನ್ನನ್ನೇ. ಹುಟ್ಟಿದ ಪರಮಾಣು ಮೀಥೇನ್‌ನಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಉಳಿದ ಮೀಥೈಲ್ ರ‍್ಯಾಡಿಕಲ್ ಇನ್ನೊಂದು ಕ್ಲೋರಿನ್ ಅಣುವನ್ನು ಒಡೆದು ಮತ್ತೊಂದು ಒಂಟಿ ಕ್ಲೋರಿನ್ನನ್ನು ಬಿಡುತ್ತದೆ. ಎರಡು ರ‍್ಯಾಡಿಕಲ್‌ಗಳು ಎದುರಾಗಿ ಜೋಡಿಯಾದರೆ ಆ ಸರಪಳಿ ಅಲ್ಲಿಗೆ ನಿಲ್ಲುತ್ತದೆ.

ಇದೇ ಸರಪಳಿ ಗೋಕಾಕದ ಕರದಂಟಿನ ಡಬ್ಬಿಯಲ್ಲೂ ನಡೆಯುತ್ತದೆ. ಬದಾಮಿ, ಗೋಡಂಬಿಗಳ ಅಪರ್ಯಾಪ್ತ ಕೊಬ್ಬಿನಲ್ಲಿ ದ್ವಿಬಂಧದ ಪಕ್ಕದ ಹೈಡ್ರೋಜನ್ ಸಡಿಲವಾಗಿರುತ್ತದೆ. ಬೆಳಕು, ಶಾಖ ಅಥವಾ ಲೋಹದ ಲವಲೇಶದ ನೆರವಿನಿಂದ ಅದು ಕಿತ್ತುಹೋದರೆ ಉಳಿದ ರ‍್ಯಾಡಿಕಲ್ ಗಾಳಿಯ ಆಕ್ಸಿಜನ್ನನ್ನು ಹಿಡಿದು, ಪಕ್ಕದ ಕೊಬ್ಬಿನ ಅಣುವಿನಿಂದ ಹೈಡ್ರೋಜನ್ ಕೀಳುತ್ತದೆ. ಹೀಗಾದ ಪೆರಾಕ್ಸೈಡುಗಳು ಮುರಿದಾಗ ಬರುವ ಆಲ್ಡಿಹೈಡುಗಳದೇ ಆ ಕಮಟು ವಾಸನೆ. ಬದಾಮಿಯಲ್ಲೇ ಇರುವ ವಿಟಮಿನ್ ಇ ತನ್ನ ಹೈಡ್ರೋಜನ್ ಕೊಟ್ಟು ಸರಪಳಿಯನ್ನು ಕಡಿಯುತ್ತದೆ. ಅದೂ ರ‍್ಯಾಡಿಕಲ್ ಆಗುತ್ತದೆ, ಆದರೆ ಸಾಧುವಾದದ್ದು. ಪಠ್ಯಪುಸ್ತಕದ ‘ಕಮಟುವಿಕೆ’ಯನ್ನು ಬರೀ ವ್ಯಾಖ್ಯೆಯಾಗಿ ಬರೆಸುವುದಕ್ಕಿಂತ ಇದನ್ನು ಹೇಳುವುದು ಮೇಲು.

ಎರಡು ಎಚ್ಚರಿಕೆ. ‘ಅಯಾನು ಅಥವಾ ರ‍್ಯಾಡಿಕಲ್’ ಎಂದು ಎರಡು ಕಂಬಸಾಲು ಬರೆದು ಗೆರೆ ಎಳೆಯಬೇಡಿ. ನಮ್ಮ ಜೀವಕೋಶಗಳಲ್ಲಿ ಹುಟ್ಟುವ ಸೂಪರಾಕ್ಸೈಡ್ ಎರಡೂ ಹೌದು. ಎಲ್ಲ ರ‍್ಯಾಡಿಕಲ್‌ಗಳೂ ಕ್ಷಣಿಕ ಎನ್ನಲೂ ಬೇಡಿ. 1900ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮೋಸೆಸ್ ಗೋಮ್‌ಬರ್ಗ್ ಗುರುತಿಸಿದ ಟ್ರೈಫೀನೈಲ್‌ಮೀಥೈಲ್ ದ್ರಾವಣದಲ್ಲಿ ಉಳಿಯಬಲ್ಲದು. ಗಾಳಿ ಮಾತ್ರ ತಾಗಬಾರದು.

ಮರುಪಾಠಕ್ಕೆ ಆ ಪ್ರಶಿಕ್ಷಣಾರ್ಥಿ ಎರಡು ಗಾಜಿನ ಸೀಸೆಗಳಲ್ಲಿ ಅರ್ಧರ್ಧ ಕುಸುಬಿ ಎಣ್ಣೆ ತಂದರು. ಒಂದನ್ನು ಕಿಟಕಿಯ ಬಿಸಿಲಿಗಿಟ್ಟರು. ಇನ್ನೊಂದಕ್ಕೆ ಕಪ್ಪು ಕಾಗದ ಸುತ್ತಿ ಅದರ ಪಕ್ಕದಲ್ಲೇ ಇಟ್ಟರು. ಜೊತೆಗೊಂದು ಬಟ್ಟಲು ಉಪ್ಪು. ವಾರಕ್ಕೊಮ್ಮೆ ಮೂಸಿ ನೋಡಿ ದಾಖಲಿಸುವ ಕೆಲಸವನ್ನು ಆ ಹಿಂದಿನ ಬೆಂಚಿನ ಹುಡುಗಿಗೇ ವಹಿಸಿದರು.