ಉಪಚುನಾವಣೆಯಲ್ಲಿ ಸೋತ ಜಿಲ್ಲೆ

2019ರ ಅಕ್ಟೋಬರ್. ಪಕ್ಷಾಂತರದ ಗಲಾಟೆಯಲ್ಲಿ ಹುಣಸೂರಿನ ಶಾಸಕ ಸ್ಥಾನದಿಂದ ಅನರ್ಹಗೊಂಡಿದ್ದ ಅಡಗೂರು ಎಚ್. ವಿಶ್ವನಾಥ್ ಅವರು ಮೈಸೂರು ಜಿಲ್ಲೆಯನ್ನು ಒಡೆಯಬೇಕೆಂಬ ಮಾತು ತೇಲಿಬಿಟ್ಟರು. ಹುಣಸೂರು ಕೇಂದ್ರಸ್ಥಾನ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಜತೆಗೆ ಇವುಗಳ ಒಡಲಿನಿಂದಲೇ ಬಂದ ಸರಗೂರು ಮತ್ತು ಸಾಲಿಗ್ರಾಮ. ಹೆಸರು, ಡಿ. ದೇವರಾಜ ಅರಸು ಜಿಲ್ಲೆ. ಇವತ್ತಿನ ಒಂಬತ್ತು ತಾಲ್ಲೂಕುಗಳಲ್ಲಿ ಈ ಆರು ಹೊರಟುಹೋದರೆ ಮೈಸೂರು ಜಿಲ್ಲೆಗೆ ಉಳಿಯುವುದು ಮೂರೇ: ಮೈಸೂರು, ನಂಜನಗೂಡು, ತಿ. ನರಸೀಪುರ. ನಗರದವರು ಹುಬ್ಬೇರಿಸಿದ್ದು ಸಹಜ.

ಮೈಸೂರಿಗೆ ಪಾಲಾಗುವುದು ಹೊಸತೇನಲ್ಲ. 1939ರಲ್ಲಿ ಮಂಡ್ಯ ಹೋಯಿತು. ಕನ್ನಂಬಾಡಿಯ ನಾಲೆ, ಸಕ್ಕರೆ ಕಾರ್ಖಾನೆ ಎರಡೂ ಬಂದ ಮೇಲೆ ಆ ಸೀಮೆಯ ವ್ಯವಹಾರವೇ ಬೇರೆಯಾಗಿತ್ತು. 1997ರಲ್ಲಿ ಜೆ.ಎಚ್. ಪಟೇಲರು ಒಂದೇ ಏಟಿಗೆ ಏಳು ಜಿಲ್ಲೆ ಮಾಡಿದಾಗ ಚಾಮರಾಜನಗರವೂ ಹೊರಟಿತು. ಆದರೆ ಈ ಮೂರನೆಯ ಪಾಲಿನ ಗೆರೆ ವಿಶ್ವನಾಥ್ ಎಳೆದದ್ದಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ನಾಲ್ಕೂ ಮೊದಲಿಂದ ಹುಣಸೂರು ಉಪವಿಭಾಗಕ್ಕೆ ಸೇರಿದವು. ಜಮೀನು ತಕರಾರಿನ ಮೇಲ್ಮನವಿ ಹಿಡಿದು ಕೋಟೆಯ ರೈತ ಹುಣಸೂರಿನ ಉಪವಿಭಾಗಾಧಿಕಾರಿಯ, ಅಂದರೆ ಎ.ಸಿ.ಯ, ಆಫೀಸಿನ ಮೆಟ್ಟಿಲು ಹತ್ತಿದ್ದಾನೆ. ಎ.ಸಿ.ಯ ಜಾಗಕ್ಕೆ ಡಿ.ಸಿ.ಯನ್ನು ಕೂರಿಸಿದರೆ ಮುಗಿಯಿತು ಎಂಬುದು ವಾದ.

ಹುಣಸೂರಿಗೂ ಆ ಯೋಗ್ಯತೆ ಇಲ್ಲದಿಲ್ಲ. ಕಂಪನಿ ಕಾಲದಲ್ಲಿ ಇದು ಸೇನೆಯ ಸರಂಜಾಮಿನ ಊರು. ತೊಗಲು ಹದಮಾಡುವುದು, ಕಂಬಳಿ, ಗಾಡಿ ತಯಾರಿಕೆ, ಫಿರಂಗಿ ಎಳೆಯುವ ಅಮೃತ್ ಮಹಲ್ ದನಗಳ ಉಸ್ತುವಾರಿ ಎಲ್ಲ ಇಲ್ಲಿದ್ದವು. ಈಗ ಹೊಗೆಸೊಪ್ಪಿನ ಊರು. ಬ್ಯಾರನ್ನುಗಳಲ್ಲಿ ಬೆಂದ ಸೊಪ್ಪು ಹರಾಜು ಕಟ್ಟೆಗೆ ಬರುವ ತಿಂಗಳುಗಳಲ್ಲಿ ಇಲ್ಲಿನ ಅಂಗಡಿಗಳ ಕಳೆಯೇ ಬೇರೆ.

ಆದರೆ ನಕ್ಷೆಯಲ್ಲಿ ಚೆಂದ ಕಂಡದ್ದು ರಸ್ತೆಯಲ್ಲಿ ಹಾಗಿಲ್ಲ. ಮೈಸೂರಿನಿಂದ ದಾರಿಗಳು ಅಂಗೈಯಿಂದ ಬೆರಳು ಹೊರಟಂತೆ ಹೊರಡುತ್ತವೆ. ಮಂಗಳೂರು ಕಡೆಯ ಹೆದ್ದಾರಿಯ ಮೇಲೆ ಹುಣಸೂರು, ಪಿರಿಯಾಪಟ್ಟಣ. ಹಾಸನದ ದಾರಿಯಲ್ಲಿ ಕೆ.ಆರ್. ನಗರ. ಮಾನಂದವಾಡಿ ದಾರಿಯಲ್ಲಿ ಕೋಟೆ. ಕೇರಳದ ಅಂಚಿನ ಡಿ.ಬಿ. ಕುಪ್ಪೆಯವನಿಗೆ ಜಿಲ್ಲಾ ಕಚೇರಿ ಹತ್ತಿರವಾಗಬೇಕು, ನಿಜ. ಆದರೆ ಕೋಟೆ ಬಳಿಯ ಹ್ಯಾಂಡ್‌ಪೋಸ್ಟಿಗೆ ಬಂದವನು ಸಲೀಸಾಗಿ ಹತ್ತುವುದು ಮೈಸೂರು ಬಸ್ಸನ್ನೇ. ಕೆ.ಆರ್. ನಗರದ ಭತ್ತದ ಸೀಮೆಗಂತೂ ರೈಲೇ ಇದೆ, ಅದು ಹೋಗುವುದೂ ಮೈಸೂರಿಗೇ. ಜಿಲ್ಲೆ ಕೇಳಿದವರು ಈ ಊರುಗಳನ್ನು ಹುಣಸೂರಿಗೆ ಜೋಡಿಸುವ ಅಡ್ಡದಾರಿಗಳ ಬಗ್ಗೆ ಬಾಯಿ ಬಿಟ್ಟದ್ದು ಕಡಿಮೆ. ನನಗೆ ರೇಗುವುದು ಅಲ್ಲೇ.

ಹೆಸರಿನ ವಿಷಯಕ್ಕೆ ಬಂದರೆ ಇನ್ನೂ ಸೊಗಸು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಅರಸು ಮುಖ್ಯಮಂತ್ರಿಯಾಗಿ ರಾಜ್ಯದ ಹೆಸರನ್ನೇ 1973ರಲ್ಲಿ ಕರ್ನಾಟಕ ಎಂದು ಬದಲಿಸಿದರು, ಮರುವರ್ಷ ಗೇಣಿದಾರನಿಗೆ ಭೂಮಿ ಕೊಡಿಸುವ ತಿದ್ದುಪಡಿ ತಂದರು. ಆದರೆ ಅವರ ಕಾಲದಲ್ಲಿ ಒಂದೇ ಒಂದು ಹೊಸ ಜಿಲ್ಲೆ ಹುಟ್ಟಲಿಲ್ಲ. 1956ರಲ್ಲಿದ್ದ ಹತ್ತೊಂಬತ್ತು ಜಿಲ್ಲೆಗಳೇ 1986ರವರೆಗೂ ಇದ್ದವು. ಅರಸು ಎರಡನೆಯ ಸಲ ಮುಖ್ಯಮಂತ್ರಿಯಾದ 1978ರಲ್ಲೇ ಕೆ.ಆರ್. ನಗರದಿಂದ ಮೊದಲ ಬಾರಿ ಶಾಸಕರಾದವರು ವಿಶ್ವನಾಥ್. ಗುರುವಿನ ಹೆಸರಿನ ಮೇಲೆ ಶಿಷ್ಯನಿಗೆ ಅಕ್ಕರೆ ಇದ್ದಿರಬಹುದು, ಉಪಚುನಾವಣೆಯೂ ಎದುರಿಗಿತ್ತು. ಎರಡನ್ನೂ ಬಿಡಿಸಿ ನೋಡುವುದು ಕಷ್ಟ.

ಅದೇ 2019ರ ಅಕ್ಟೋಬರಿನಲ್ಲಿ ವಿಶ್ವನಾಥ್ ಅವರಿಗೂ ಕೆ.ಆರ್. ನಗರದ ಆಗಿನ ಶಾಸಕ ಸಾ.ರಾ. ಮಹೇಶ್ ಅವರಿಗೂ ಆಣೆ-ಪ್ರಮಾಣದ ಸವಾಲು ನಡೆದಿತ್ತು. ಇಬ್ಬರೂ ಒಂದೇ ದಿನ ಚಾಮುಂಡಿ ಬೆಟ್ಟ ಹತ್ತಿದರು, ಮುಖಾಮುಖಿ ಮಾತ್ರ ಆಗಲಿಲ್ಲ. ಆಗಬೇಕಾದ ಜಿಲ್ಲೆಯ ಎರಡು ಊರುಗಳ ರಾಜಕಾರಣ ಹೀಗಿತ್ತು. ಡಿ.ಸಿ. ಕಚೇರಿ ಎಲ್ಲಿ, ಆದಿವಾಸಿ ಹಾಡಿಗಳಿಗೆ ಬಸ್ಸು ಎಂದು, ಇವುಗಳ ಚರ್ಚೆ ಆ ಗಲಾಟೆಯಲ್ಲಿ ಹಿಂದೆ ಸರಿಯಿತು.

ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅನರ್ಹತೆ ಎತ್ತಿಹಿಡಿದು, ಸ್ಪರ್ಧೆಗೆ ಅವಕಾಶ ಕೊಟ್ಟಿತು. ಡಿಸೆಂಬರ್ 5ರಂದು ಮತದಾನ. 9ರಂದು ಎಣಿಕೆ ಮುಗಿದಾಗ ಬಿಜೆಪಿಯ ವಿಶ್ವನಾಥ್ ಕಾಂಗ್ರೆಸ್ಸಿನ ಎಚ್.ಪಿ. ಮಂಜುನಾಥ್ ಎದುರು ಸುಮಾರು 40 ಸಾವಿರ ಮತಗಳಿಂದ ಸೋತಿದ್ದರು. ಒಂದೂವರೆ ವರ್ಷದ ಹಿಂದೆ ಅದೇ ಮಂಜುನಾಥರನ್ನು ಅವರೇ ಸೋಲಿಸಿದ್ದರು.

ಈಗ ಹೊಸಪೇಟೆ ಕಡೆ ನೋಡಿ. ಅದೇ ಅನರ್ಹರ ಗುಂಪಿನ ಆನಂದ್ ಸಿಂಗ್ ಬಳ್ಳಾರಿ ಒಡೆದು ವಿಜಯನಗರ ಜಿಲ್ಲೆ ಕೇಳಿದ್ದರು. ಅದೇ ದಿನದ ಉಪಚುನಾವಣೆಯಲ್ಲಿ ಗೆದ್ದರು, ಮಂತ್ರಿಯಾದರು. 2020ರ ನವೆಂಬರಿನಲ್ಲಿ ಸಂಪುಟ ಒಪ್ಪಿತು, 2021ರ ಫೆಬ್ರುವರಿಯಲ್ಲಿ ರಾಜ್ಯದ 31ನೆಯ ಜಿಲ್ಲೆ ಬಂದೇಬಿಟ್ಟಿತು. ಬಳ್ಳಾರಿಯಲ್ಲಿ ವಿರೋಧ ಇರಲಿಲ್ಲವೆಂದಲ್ಲ, ಬಂದ್ ಆಯಿತು, ಧರಣಿ ಆಯಿತು. ಗೆದ್ದವನ ಬೇಡಿಕೆಗೆ ಇದ್ದ ತೂಕ ಸೋತವನದಕ್ಕೆ ಬರಲಿಲ್ಲ, ಅಷ್ಟೇ.

ಹುಣಸೂರಿಗೆ ಬಂದದ್ದು ರಸ್ತೆ. 2023ರ ಮಾರ್ಚ್ 12ರಂದು ಪ್ರಧಾನಿ ಮೈಸೂರು-ಕುಶಾಲನಗರ ನಾಲ್ಕು ಪಥದ ಹೆದ್ದಾರಿಗೆ ಶಂಕುಸ್ಥಾಪನೆ ಮಾಡಿದರು, ಉದ್ದ 92 ಕಿ.ಮೀ. ಅದು ಮುಗಿದರೆ ಹುಣಸೂರು, ಪಿರಿಯಾಪಟ್ಟಣಗಳಿಂದ ಮೈಸೂರು ಇನ್ನಷ್ಟು ಹತ್ತಿರ. ಪ್ರತ್ಯೇಕ ಜಿಲ್ಲೆಯ ಬೇಡಿಕೆಗೆ ಅದಕ್ಕಿಂತ ದೊಡ್ಡ ಎದುರಾಳಿ ಇನ್ನಿಲ್ಲ. ಶಿರಸಿ, ಚಿಕ್ಕೋಡಿ, ಗೋಕಾಕ, ಮಧುಗಿರಿಗಳು ಜಿಲ್ಲೆಗಾಗಿ ಇನ್ನೂ ಕೂಗು ಹಾಕುತ್ತಿವೆ. ಹುಣಸೂರಿನ ಕಡತಗಳು ಮಾತ್ರ ಹಿಂದಿನಂತೆ ಎ.ಸಿ. ಆಫೀಸಿನಿಂದ ಮೈಸೂರಿನ ಡಿ.ಸಿ. ಕಚೇರಿಗೆ ಹೋಗುತ್ತಿವೆ.