ದೇವರ ಸಾನ್ನಿಧ್ಯದ ಗುರುತು

ದೇವರು ತಮ್ಮೊಡನೆ ಇರುವನೆಂದು ದೇವಾಲಯದಲ್ಲಿ ಕೇಳಿಯೂ, ಅದು ತಮಗೆ ಎಂದೂ ತೋರಿಬರಲಿಲ್ಲವಲ್ಲಾ ಎಂದು ಒಳಗೊಳಗೇ ಕೊರಗುವವರು ಅನೇಕರುಂಟು. ಒಲೆಯ ಕೆಲಸ, ಮಕ್ಕಳ ಆರೈಕೆ, ಸಾಲದ ಚಿಂತೆ, ಇವುಗಳಲ್ಲಿಯೇ ಹಗಲು ಕಳೆಯುವುದು. ರಾತ್ರಿ ಪ್ರಾರ್ಥನೆಗೆ ಮೊಣಕಾಲೂರಿದರೆ ನಿದ್ರೆಯು ಮುಂದಾಗಿ ಬರುವುದು. ಇಂಥವರನ್ನು ಗದರಿಸಲು ನಮಗೆ ಬಾಯಿಲ್ಲ. ನಾವೂ ಅವರಲ್ಲಿ ಸೇರಿದವರೇ.

ಲೂಕನ ಸುವಾರ್ತೆಯ 24ನೆಯ ಅಧ್ಯಾಯವನ್ನು ನೋಡೋಣ. ಕರ್ತನ ಮರಣದಿಂದ ಎದೆಗುಂದಿದ ಇಬ್ಬರು ಶಿಷ್ಯರು ಯೆರೂಸಲೇಮಿನಿಂದ ಸುಮಾರು 7 ಮೈಲಿ ದೂರದ ಎಮ್ಮಾಹುವಿಗೆ ಹೋಗುತ್ತಿದ್ದರು. ಪುನರುತ್ಥಾನ ಹೊಂದಿದ ಕ್ರಿಸ್ತನೇ ಜೊತೆಯಲ್ಲಿ ನಡೆದರೂ ಅವರು ಗುರುತಿಸಲಿಲ್ಲ. ಸಂಜೆ ಊಟಕ್ಕೆ ಕುಳಿತು ಆತನು ರೊಟ್ಟಿಯನ್ನು ಮುರಿದು ಕೊಟ್ಟಾಗಲೇ ಅವರ ಕಣ್ಣು ತೆರೆಯಿತು. ಒಡನೆ ಆತನು ಮರೆಯಾದನು. ದಾರಿಯಲ್ಲಿ ತಮ್ಮ ಹೃದಯವು ಏಕೆ ಕುದಿಯಿತೆಂಬುದು ಅವರಿಗೆ ಆಮೇಲೆ ತಿಳಿಯಿತು. ಆದಕಾರಣ, ತೋರಲಿಲ್ಲವೆಂದ ಮಾತ್ರಕ್ಕೆ ಆತನು ಇರಲಿಲ್ಲವೆಂದು ಎಣಿಸಬಾರದು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅವರು ಆ ಮನೆಯಲ್ಲಿಯೇ ಕುಳಿತು ತಮ್ಮ ಸಂತೋಷವನ್ನು ಸವಿಯಲಿಲ್ಲ. ಹೊತ್ತು ಇಳಿದಿದ್ದರೂ ಅದೇ ಗಳಿಗೆಯಲ್ಲಿ ಎದ್ದು, ತಾವು ಬಿಟ್ಟುಬಂದ ಸಹೋದರರ ಬಳಿಗೆ ಹಿಂದಿರುಗಿದರು. ಸಾನ್ನಿಧ್ಯದ ನಿಜವಾದ ಗುರುತು ಇದೇ: ಕಾಲುಗಳು ದಿಕ್ಕು ಬದಲಿಸುವುವು.

ಮನೆವಾರ್ತೆಯವರಿಗೆ ಧೈರ್ಯ ಕೊಡುವ ಸಾಕ್ಷಿಯೊಂದು ಫ್ರಾನ್ಸ್ ದೇಶದಲ್ಲಿ ಉಂಟು. ಸಹೋದರ ಲಾರೆನ್ಸ್ ಎಂಬಾತನು ಯೌವನದಲ್ಲಿ, ಚಳಿಗಾಲದ ಒಂದು ಬೋಳು ಮರವನ್ನು ಕಂಡು, ಇದು ಮತ್ತೆ ಚಿಗುರಿ ಹೂಬಿಡುವುದಲ್ಲವೇ ಎಂದು ಯೋಚಿಸಿದನು; ಆ ಯೋಚನೆಯಲ್ಲಿಯೇ ದೇವರ ಪರಾಮರಿಕೆಯು ಅವನ ಮನಸ್ಸಿನಲ್ಲಿ ನಾಟಿತು. ಸಿಪಾಯಿಯಾಗಿ ಕಾಲಿಗೆ ಗಾಯಪಟ್ಟ ಅವನು 1640ರಲ್ಲಿ ಪ್ಯಾರಿಸ್ ನಗರದ ಕಾರ್ಮೆಲ್ ಮಠವನ್ನು ಸೇರಿದನು. ಅಲ್ಲಿ ಅವನ ಪಾಲಿಗೆ ಬಂದದ್ದು ಅಡಿಗೆಮನೆ. ಆ ಕೆಲಸವೋ ಅವನಿಗೆ ಸ್ವಭಾವತಃ ಬೇಡವಾದದ್ದು. ಸುಮಾರು 10 ವರುಷ ಅಂತರಂಗದ ಕಳವಳವೂ ಅವನನ್ನು ಬಿಡಲಿಲ್ಲ. ಆದರೂ ಪ್ರತಿಯೊಂದು ಸಣ್ಣ ಕೆಲಸವನ್ನೂ ದೇವರಿಗಾಗಿ ಮಾಡುತ್ತಾ, ಆತನೊಡನೆ ಮಾತಾಡುತ್ತಾ, ಕ್ರಮೇಣ ಪಾತ್ರೆಗಳ ಸದ್ದಿನಲ್ಲಿಯೂ ಪ್ರಾರ್ಥನಾಲಯದ ಶಾಂತಿಯನ್ನು ಕಂಡುಕೊಂಡನು. ಅವನು 1691ರಲ್ಲಿ ತೀರಿಕೊಂಡ ಮೇಲೆ ಅವನ ಪತ್ರಗಳೂ ಸಂಭಾಷಣೆಗಳೂ ಪುಸ್ತಕವಾಗಿ ಅನೇಕ ದೇಶಗಳಿಗೆ ಹರಡಿದವು.

ಪ್ರಿಯ ವಾಚಕರೇ, ಈ ರಾತ್ರಿ ದೀಪವನ್ನು ಆರಿಸುವ ಮೊದಲು ಕಳೆದ ಹಗಲನ್ನು ಒಮ್ಮೆ ಹಿಂದಿರುಗಿ ನೋಡೋಣ. ಬಿರುಸಾದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತೋ? ಮಾತು ಬಿಟ್ಟಿದ್ದ ನೆರೆಯವರ ನೆನಪು ಕಾರಣವಿಲ್ಲದೆ ಬಂದಿತೋ? ಜೊತೆಯಲ್ಲಿ ನಡೆದಾತನು ಯಾರೆಂದು ಆಗ ತಿಳಿಯದೆ ಹೋಗಿರಬಹುದು. ಈಗ ತಿಳಿದರೂ ತಡವಾಗಲಿಲ್ಲ. ನೆರೆಯವರ ಬಾಗಿಲು ಎಮ್ಮಾಹುವಿನಷ್ಟು ದೂರವಿಲ್ಲ.