ಜಾಲಹಳ್ಳಿಯ ಪಾಠ, ಹೊಸೂರಿನ ಗಡಿಯಾರ

ಅತ್ತಿಬೆಲೆ ದಾಟಿದರೆ ರಾಜ್ಯ ಬದಲಾಗುತ್ತದೆ. ಆದರೆ ಬೆಂಗಳೂರಿನಲ್ಲಿ ಮನೆ ಮಾಡಿದವರು ಗಡಿಯಾಚೆ ಕೆಲಸಕ್ಕೆ ಹೋಗಲು ಮನೆ ಬದಲಿಸಬೇಕಿಲ್ಲ. ನಲವತ್ತು ಕಿಲೋಮೀಟರ್ ದೂರದ ತಮಿಳುನಾಡಿನ ಹೊಸೂರಿಗೆ ಗಡಿಯಾರ ಕಂಪನಿ ಟೈಟಾನ್ ಬಂದಾಗ ಈ ಅನುಕೂಲ ಸಣ್ಣದಾಗಿರಲಿಲ್ಲ.

1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯಿಂದ ವಿದ್ಯೆ ಕಲಿತು ಬೆಂಗಳೂರಿನ ಕೇಂದ್ರ ಸರ್ಕಾರಿ ಕಂಪನಿ ಎಚ್‌ಎಂಟಿ ಕೈಗಡಿಯಾರ ಮಾಡತೊಡಗಿತು. ಎರಡು ದಶಕಗಳಲ್ಲಿ ಅದರ ಕಾರ್ಖಾನೆಯಿದ್ದ ಜಾಲಹಳ್ಳಿಯ ಆಸುಪಾಸಿನಲ್ಲಿ ಗಡಿಯಾರದ ಒಳಗುಟ್ಟು ಬಲ್ಲವರ ಒಂದು ಪೀಳಿಗೆಯೇ ಸಿದ್ಧವಾಯಿತು. ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೊ ಸೇರಿ 1984ರಲ್ಲಿ ಟೈಟಾನ್ ಸ್ಥಾಪಿಸಿದಾಗ, ಅದನ್ನು ಮುನ್ನಡೆಸಿದ ಕ್ಸರ್ಕ್ಸಿಸ್ ದೇಸಾಯಿ ಅವರ ತಂಡಕ್ಕೆ ಎಚ್‌ಎಂಟಿಯ ಅನುಭವಿಗಳೂ ಬಂದರು. ಆದರೆ ಕಾರ್ಖಾನೆಯೊಳಗಿನ ಕೆಲಸಕ್ಕೆ ಆರಿಸಿಕೊಂಡದ್ದು ಹೆಚ್ಚಾಗಿ ಆಗಷ್ಟೇ ಶಾಲೆ ಮುಗಿಸಿದ, ಗಡಿಯಾರ ಬಿಚ್ಚಿ ನೋಡದ ತಮಿಳುನಾಡಿನ ಹುಡುಗ ಹುಡುಗಿಯರನ್ನು.

ಅನುಭವಿಗಳು ಮತ್ತು ಹೊಸಬರ ಈ ಜೋಡಣೆಯೇ ನನಗೆ ಕುತೂಹಲದ್ದು. ಚಿಮುಟದಲ್ಲಿ ಪುಟ್ಟ ಚಕ್ರವನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು ಎಂಬುದು ನಕ್ಷೆಯಲ್ಲಿ ಇರುವುದಿಲ್ಲ. ಪಕ್ಕದಲ್ಲಿ ಕೂತು ತೋರಿಸುವವರು ಬೇಕು. ಹಾಗೆ ತೋರಿಸಬಲ್ಲವರು ಎಚ್‌ಎಂಟಿಯಲ್ಲಿ ಪಳಗಿದ್ದರು. ಎಚ್‌ಎಂಟಿಯ ಅಭ್ಯಾಸಗಳು ಮಾತ್ರ ಜೊತೆಗೆ ಬರಲಿಲ್ಲ. 1980ರ ದಶಕದ ಆರಂಭದಲ್ಲೇ ಎಚ್‌ಎಂಟಿ ಕ್ವಾರ್ಟ್ಜ್ ಗಡಿಯಾರ ಮಾಡಿತ್ತು, ಮನಸ್ಸು ಮಾತ್ರ ಕೀಲಿ ಕೊಡುವ ಗಡಿಯಾರದಲ್ಲೇ ಉಳಿಯಿತು. ಟೈಟಾನ್ ಮೊದಲಿನಿಂದಲೂ ಕ್ವಾರ್ಟ್ಜನ್ನೇ ನಂಬಿತು. 2002ರಲ್ಲಿ ಬಂದ ಅದರ 'ಎಡ್ಜ್' ಗಡಿಯಾರದ ದಪ್ಪ ಕೇವಲ 3.5 ಮಿಲಿಮೀಟರ್. ಹಾಗಾಗಿ, ಟೈಟಾನ್‌ಗೆ ಹೋದವರಿಂದ ಎಚ್‌ಎಂಟಿ ಮುಳುಗಿತು ಎಂಬ ಮಾತನ್ನು ನಾನು ಒಪ್ಪಲಾರೆ. ಗೊತ್ತಿದ್ದದ್ದನ್ನು ಬಳಸದೆ ಕೂತದ್ದು ಅದಕ್ಕಿಂತ ದೊಡ್ಡ ಕಾರಣ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿಯ ಗಡಿಯಾರ ವಿಭಾಗಕ್ಕೆ ಬಾಗಿಲು ಹಾಕಲು ತೀರ್ಮಾನಿಸಿತು.

ಗಡಿಯಾರಕ್ಕಾಗಿ ಯಂತ್ರ, ಉಪಕರಣ ಮಾಡಿ ಕಲಿತ ನಿಖರತೆಯನ್ನು ಟೈಟಾನ್ ಈಗ ಬೇರೆ ಉದ್ಯಮಗಳಿಗೂ ಮಾರುತ್ತದೆ. ಅದಕ್ಕೆಂದೇ ಹೊಸೂರಿನಲ್ಲಿ ಒಂದು ಅಂಗಸಂಸ್ಥೆ ಇದೆ. ಸುತ್ತಲೂ ಟಿವಿಎಸ್, ಅಶೋಕ್ ಲೇಲ್ಯಾಂಡ್, ಏಥರ್, ಅದೇ ಜಿಲ್ಲೆಯ ಪೋಚಂಪಳ್ಳಿಯ ಓಲಾ, ಐಫೋನ್ ಬಿಡಿಭಾಗ ಮಾಡುವ ಟಾಟಾ ಎಲೆಕ್ಟ್ರಾನಿಕ್ಸ್. ಕಲಿತ ಕೆಲಸವನ್ನು ಹೊತ್ತು ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಹೋಗುವವರನ್ನು ತಡೆಯುವುದು ಕಾನೂನಿನಲ್ಲೂ ಸುಲಭವಲ್ಲ: ಕೆಲಸ ಬಿಟ್ಟ ಮೇಲೆ ಪ್ರತಿಸ್ಪರ್ಧಿಯ ಬಳಿ ದುಡಿಯಕೂಡದು ಎಂಬ ಕರಾರು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ನಿನ ಮುಂದೆ ನಿಲ್ಲುವುದಿಲ್ಲ. ಕಂಪನಿಯ ಗುಟ್ಟು ಬಯಲು ಮಾಡುವುದು ಬೇರೆ ಮಾತು.

ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಂಥ ಕಡೆ ಹೀಗೆ ಗೇಟಿನಿಂದ ಗೇಟಿಗೆ ಹೆಚ್ಚು ಓಡಾಡುವವರು ಗುತ್ತಿಗೆ ಕಾರ್ಮಿಕರು, ಅವರ ಬಗ್ಗೆ ಚರ್ಚೆ ಕಡಿಮೆ. ಯಾವ ಸ್ಕ್ರೂ ಎಲ್ಲಿ ಸಡಿಲಾಗುತ್ತದೆ, ಯಾವ ಯಂತ್ರ ಮಧ್ಯಾಹ್ನದ ಸೆಕೆಗೆ ಕೈಕೊಡುತ್ತದೆ ಎಂಬುದು ಮೊದಲು ತಿಳಿಯುವುದು ಅವರಿಗೇ. ಎಂಜಿನಿಯರ್ ಕೆಲಸ ಬಿಟ್ಟರೆ ಹಸ್ತಾಂತರದ ಟಿಪ್ಪಣಿ ಬರೆಸಿಕೊಳ್ಳುತ್ತಾರೆ. ಗುತ್ತಿಗೆಯವಳ ಬಳಿ ಸಾಮಾನ್ಯವಾಗಿ ವಾಪಸ್ ಕೇಳುವುದು ಗುರುತಿನ ಚೀಟಿಯನ್ನು ಮಾತ್ರ.